ಆಸ್ಟ್ರೇಲಿಯಾಕ್ಕೆ ಬುತ್ತಿ ಕಟ್ಟುವ ಮುನ್ನ

ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕೂತಿರುವ ಅಜ್ಜ-ಅಜ್ಜಿಯರೇ,

ನಮ್ಮ ವಿಜಯಪುರದ ಕಡೆ ಊರು ಬಿಟ್ಟು ಹೋಗುವುದಕ್ಕೆ ಎರಡು ಬೇರೆ ಬೇರೆ ಮಾತುಗಳಿವೆ. ಒಂದು ‘ದುಡಿಯಾಕ ಹೋಗೂದು’. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಗೋವಾಕ್ಕೋ ಪುಣೆಗೋ ಹೋಗುತ್ತಾರಲ್ಲ, ಅದು. ಇನ್ನೊಂದು ‘ತಿರಗಾಡಾಕ ಹೋಗೂದು’. ಶಾಲೆಗೆ ರಜೆ ಬಿಟ್ಟಾಗ ಬುತ್ತಿ ಕಟ್ಟಿಕೊಂಡು ಗೋಳಗುಮ್ಮಟಕ್ಕೋ ಆಲಮಟ್ಟಿಗೋ ಹೋಗುತ್ತೀರಲ್ಲ, ಅದು. ಮೊದಲನೆಯದರಲ್ಲಿ ರೊಕ್ಕ ಬರುತ್ತದೆ, ಎರಡನೆಯದರಲ್ಲಿ ರೊಕ್ಕ ಹೋಗುತ್ತದೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ಮಾಡಲು ಅನುಮತಿ ಕೊಡುವ ಒಂದು ಕಾಗದ ಈಗ ಬಂದಿದೆ. ಅದರ ಹೆಸರು ‘ವರ್ಕ್ ಅಂಡ್ ಹಾಲಿಡೇ ವೀಸಾ’. ಅಂದರೆ ದುಡಿಯುತ್ತ ತಿರುಗಾಡುವ ಪರವಾನಗಿ.

ತಿಕೋಟಾದಲ್ಲಿರುವ ನನ್ನ ತಂಗಿಗೆ ಇದನ್ನು ಹೇಳಿದಾಗ ಆಕೆ ನಕ್ಕಳು. “ಅಣ್ಣಾ, ರಜಾ ಅಂದ್ರ ರಜಾ, ದುಡಿಮಿ ಅಂದ್ರ ದುಡಿಮಿ. ಎರಡೂ ಒಂದ ಗಾಡಿಗಿ ಹ್ಯಾಂಗ ಹೂಡತಾರ?” ಎಂದಳು. ಒಳ್ಳೆಯ ಪ್ರಶ್ನೆ. ಈ ವಾರ ಅದಕ್ಕೆ ಉತ್ತರ ಹುಡುಕೋಣ. ಯಾಕೆಂದರೆ ಆ ವೀಸಾ ಬೇಕೆಂದು ಕೂತದ್ದು ಬೇರೆ ಯಾರೂ ಅಲ್ಲ, ಆಕೆಯ ಮೊಮ್ಮಗಳೇ. 23 ವರ್ಷ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಹಿಟ್ನಳ್ಳಿಯ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಪದವಿ.

ಮೊದಲು ಚಿಕ್ಕ ಮಕ್ಕಳಿಗೆ ಒಂದು ಮಾತು. ಪಾಸ್‌ಪೋರ್ಟ್ ಬೇರೆ, ವೀಸಾ ಬೇರೆ. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರಕಾರ: “ಈಕೆ ನಮ್ಮ ಮನೆಯವಳು” ಎಂದು ಜಗತ್ತಿಗೆ ಹೇಳುವ ಪುಸ್ತಕ ಅದು. ವೀಸಾ ಕೊಡುವುದು ಆ ದೇಶದ ಸರಕಾರ: “ಬರಲಿ, ಇಷ್ಟು ದಿನ ಇರಲಿ, ಇಂಥದ್ದನ್ನು ಮಾಡಲಿ” ಎಂಬ ಒಪ್ಪಿಗೆ. ನಿಮ್ಮ ಮನೆಯಿಂದ ಹೊರಡಲು ಅಪ್ಪನನ್ನು ಕೇಳಬೇಕು, ಗೆಳೆಯನ ಮನೆಯಲ್ಲಿ ಉಳಿಯಲು ಅವನ ಅಪ್ಪನನ್ನು ಕೇಳಬೇಕು. ಅಷ್ಟೇ ವ್ಯತ್ಯಾಸ. ಒಂದು ಕಾಲಕ್ಕೆ ಪಾಸ್‌ಪೋರ್ಟ್ ಎಂದರೆ ದೂರದ ದೊಡ್ಡ ಊರಿನ ಕಚೇರಿಗೆ ಅಲೆಯುವ ಕೆಲಸವಾಗಿತ್ತು. 2017ರ ಜನವರಿಯಲ್ಲಿ ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ ಶುರುವಾಯಿತು. ಅದರ ಮೊದಲ ಕೇಂದ್ರಗಳಲ್ಲಿ ನಮ್ಮ ಮೈಸೂರಿನದೂ ಒಂದು.

ಇನ್ನು ವೀಸಾದಲ್ಲಿಯೂ ಬಗೆಗಳಿವೆ. ನೋಡಿಕೊಂಡು ಬರುವವರಿಗೆ ಪ್ರವಾಸಿ ವೀಸಾ, ಅದರಲ್ಲಿ ಕೂಲಿ ಮಾಡುವಂತಿಲ್ಲ. ಓದುವವರಿಗೆ ವಿದ್ಯಾರ್ಥಿ ವೀಸಾ. ನೌಕರಿ ಗಟ್ಟಿಯಾದವರಿಗೆ ಉದ್ಯೋಗ ವೀಸಾ. ಇವುಗಳ ನಡುವಿನದು ವರ್ಕಿಂಗ್ ಹಾಲಿಡೇ. ಆಸ್ಟ್ರೇಲಿಯಾ ಇದನ್ನು 1975ರಲ್ಲೇ ಬ್ರಿಟನ್, ಐರ್ಲೆಂಡ್, ಕೆನಡಾ ದೇಶಗಳ ಯುವಕರಿಗೆ ಶುರುಮಾಡಿತು. ಬರಲಿ, ದೇಶ ಸುತ್ತಲಿ, ಕೈಯಲ್ಲಿ ಕಾಸು ಮುಗಿದಾಗ ಹಣ್ಣು ಕೀಳಲಿ, ಹೋಟೆಲಿನಲ್ಲಿ ತಟ್ಟೆ ಎತ್ತಲಿ, ಮತ್ತೆ ಸುತ್ತಲಿ ಎಂಬುದು ಅದರ ಉದ್ದೇಶ. ನಮ್ಮ ಮಕ್ಕಳಿಗೆ ಆ ಬಾಗಿಲು ತೆರೆಯಲು ಸುಮಾರು 50 ವರ್ಷ ಹಿಡಿಯಿತು. ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ 2022ರ ಏಪ್ರಿಲ್ 2ರಂದು ಸಹಿಯಾಗಿ ಅದೇ ವರ್ಷದ ಡಿಸೆಂಬರ್ 29ರಂದು ಜಾರಿಗೆ ಬಂತು. ಅದರಲ್ಲಿ ಕೊಟ್ಟ ಮಾತಿನಂತೆ 2024ರಿಂದ ಭಾರತೀಯರಿಗೂ ಈ ಬಗೆಯ ವೀಸಾ ಸಿಗತೊಡಗಿತು. ವರ್ಷಕ್ಕೆ 1,000 ಜನರಿಗೆ ಮಾತ್ರ.

ನಮ್ಮ ಹುಡುಗಿಗೆ ಆ ದೇಶದ ಹುಚ್ಚು ಹಿಡಿದದ್ದು ಸಿನಿಮಾ ನೋಡಿ ಅಲ್ಲ, ಆಯಿಯ ಮಣೂಕದ ಶೆಡ್ಡಿನಲ್ಲಿ. ತಿಕೋಟಾ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯ ಮಕ್ಕಳಿಗೆ ಹೇಳುತ್ತೇನೆ. ನಮ್ಮಲ್ಲಿ ಅಕ್ಟೋಬರ್ ಹೊತ್ತಿಗೆ ದ್ರಾಕ್ಷಿ ಬಳ್ಳಿಗೆ ಚಾಟ್ನಿ ಮಾಡುತ್ತಾರೆ, ಅಂದರೆ ಕತ್ತರಿಸುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಹಣ್ಣು ಬರುತ್ತದೆ. ಆ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಪುಡಿ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ನೆರಳಿನ ಶೆಡ್ಡಿನಲ್ಲಿ ಬಲೆಗಳ ಮೇಲೆ ಹರಡುತ್ತಾರೆ. ಎರಡು ವಾರದ ಆಸುಪಾಸಿನಲ್ಲಿ ಸುಮಾರು 4 ಕಿಲೋ ಹಣ್ಣು 1 ಕಿಲೋ ಮಣೂಕವಾಗುತ್ತದೆ. ಹೀಗೆ ಅದ್ದುವ ಹದಕ್ಕೆ ಕೃಷಿ ಪುಸ್ತಕಗಳಲ್ಲಿ ಏನು ಹೆಸರು ಗೊತ್ತೇ? ಆಸ್ಟ್ರೇಲಿಯಾ ಪದ್ಧತಿ! ನನ್ನ ತಂಗಿ ಎಷ್ಟೋ ವರ್ಷಗಳಿಂದ ಕೈಯಾಡಿಸುತ್ತಿರುವ ಆ ನೀರಿನ ಹದ ಆ ದೇಶದಿಂದ ಬಂದದ್ದೆಂದು ಆಕೆಗೆ ಹೇಳಿದವಳು ಮೊಮ್ಮಗಳೇ.

ಅಲ್ಲಿ ಮಿಲ್ಡುರಾ ಎಂಬ ಊರಿದೆ. ವಿಕ್ಟೋರಿಯಾ ರಾಜ್ಯದ ವಾಯವ್ಯ ಮೂಲೆಯಲ್ಲಿ, ಮರ್ರೆ ನದಿಯ ದಂಡೆಯಲ್ಲಿ. ನಮ್ಮಂತೆಯೇ ಮಳೆ ಕಡಿಮೆ, ಬಿಸಿಲು ಹೆಚ್ಚು. ಚೇಫಿ ಎಂಬ ಅಣ್ಣತಮ್ಮಂದಿರು 1887ರಲ್ಲಿ ಅಲ್ಲಿ ನೀರಾವರಿ ಶುರುಮಾಡಿ, ಯಂತ್ರ ಹೂಡಿ ನದಿಯ ನೀರನ್ನು ಮೇಲಕ್ಕೆತ್ತಿ ಒಣಭೂಮಿಗೆ ಹರಿಸಿದರು. ಈಗ ಆ ಸೀಮೆ ಒಣದ್ರಾಕ್ಷಿಗೆ ಹೆಸರುವಾಸಿ. ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ಮೇಲಕ್ಕೆ ಬಂದದ್ದನ್ನು ಕಂಡವರಿಗೆ ಮಿಲ್ಡುರಾ ಅಪರಿಚಿತ ಎನಿಸುವುದಿಲ್ಲ. “ಮುತ್ಯಾ, ಅವರು ನೀರು ಹ್ಯಾಂಗ ಅಳೀತಾರ, ಆಳು ಕಡಿಮಿ ಇದ್ರೂ ಸುಗ್ಗಿ ಹ್ಯಾಂಗ ಮುಗಸ್ತಾರ, ಒಂದ ವರ್ಷ ಕೈಯಾರೆ ಮಾಡಿ ನೋಡಬೇಕು” ಎಂದಳು ಹುಡುಗಿ. ಬರಗಾಲದಲ್ಲಿ ಟ್ಯಾಂಕರಿನ ನೀರು ಕೊಂಡು ಬಳ್ಳಿ ಉಳಿಸಿಕೊಂಡ ಮನೆಯ ಮಗಳು ಅವಳು. ಆ ಮಾತಿಗೆ ನನ್ನಲ್ಲಿ ಎದುರುಮಾತು ಇರಲಿಲ್ಲ.

ತಂಗಿಗೆ ಇತ್ತು. “ಹೆಣ್ಣುಹುಡುಗಿ, ಒಬ್ಬಾಕಿ, ಅಷ್ಟು ದೂರ?”

“ಆಯಿ, ಶೆಡ್‌ನಾಗ ಹತ್ತು ಮಂದಿ ಆಳು ಒಬ್ಬಾಕಿನೇ ನೋಡ್ಕೋತಿ. ಆವಾಗ ಯಾರಾದ್ರೂ ಕೇಳ್ಯಾರೇನ?”

ದೂರ ಹೋಗುವ ಆಸೆ ಹೊಸದೂ ಅಲ್ಲ. ನಮ್ಮ ಊರಿಗೇ ಹಾಗೆ ಬಂದವರಿದ್ದಾರೆ. ಹಾಲೆಂಡಿನ ಹಾರ್ಲೆಮ್ ಎಂಬ ಊರಿನ ಕೊರ್ನೆಲಿಸ್ ಕ್ಲಾಸ್ ಹೇಡಾ ಎಂಬ ಚಿತ್ರಕಾರ 1610ರ ಸುಮಾರಿಗೆ ಇಲ್ಲಿಗೆ ಬಂದು, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಚಿತ್ರ ಬರೆಯುತ್ತ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿದ. ಅವನಿಗೆ ಸುಲ್ತಾನನ ಒಪ್ಪಿಗೆ ಸಾಕಾಗಿತ್ತು. ನಮ್ಮ ಹುಡುಗಿಗೆ ಕಾಗದಗಳು ಬೇಕು. ಅವನ್ನು ಸಾಲಾಗಿ ಹೇಳುತ್ತೇನೆ, ಅಜ್ಜ-ಅಜ್ಜಿಯರು ಬರೆದಿಟ್ಟುಕೊಳ್ಳಿ.

ವಯಸ್ಸು 18 ತುಂಬಿರಬೇಕು, 31 ತುಂಬಿರಬಾರದು. ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಬೇಕು. ಪ್ಯಾನ್ ಕಾರ್ಡ್ ಬೇಕು, ಹೆಸರು ನೋಂದಾಯಿಸುವಾಗಲೇ ಅದರ ಸಂಖ್ಯೆ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಪ್ಯಾನಿನಲ್ಲಿ ಇನ್ನೊಂದು, ಅಂಕಪಟ್ಟಿಯಲ್ಲಿ ಮತ್ತೊಂದು ಎಂಬಂತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ನಮ್ಮ ಕಡೆ ಅಡ್ಡಹೆಸರು ಒಮ್ಮೆ ಹಿಂದೆ ಬರುತ್ತದೆ, ಒಮ್ಮೆ ಮುಂದೆ ಬರುತ್ತದೆ, ಒಮ್ಮೆ ಬರುವುದೇ ಇಲ್ಲ. ಕೌಂಟರಿನಲ್ಲಿ ಕೂತು ಈ ತಾಪತ್ರಯವನ್ನು ಮೂವತ್ತಕ್ಕೂ ಹೆಚ್ಚು ವರ್ಷ ಕಂಡಿದ್ದೇನೆ. ಪಿಯುಸಿಯ ನಂತರದ ಓದು ಆಗಿರಬೇಕು. ಸಾಮಾನ್ಯ ಮಟ್ಟದ ಇಂಗ್ಲಿಷ್ ಬರುತ್ತದೆಂದು ತೋರಿಸಬೇಕು. ಪರೀಕ್ಷೆ ಬರೆಯಬಹುದು, ಇಂಗ್ಲಿಷಿನಲ್ಲೇ ಪಾಠ ನಡೆದ ಕಾಲೇಜಿನ ಪದವಿಯನ್ನೂ ಪುರಾವೆಯಾಗಿ ಒಪ್ಪುತ್ತಾರೆ. ಕನ್ನಡ ಶಾಲೆಯಲ್ಲಿ ಓದುತ್ತಿರುವ ಮಕ್ಕಳೇ, ನೀವು ಹೆದರಬೇಕಾಗಿಲ್ಲ, ನಮ್ಮ ಹುಡುಗಿಗೆ ಅದು ಅಡ್ಡಿಯಾಗಲಿಲ್ಲ. ಮದುವೆಯಾಗಿ ಮಕ್ಕಳಿರುವವರು ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ.

ಇಷ್ಟು ಇದ್ದರೆ ಚೀಟಿ ಎತ್ತುವ ಸರದಿ. ನಮ್ಮ ಹೆಣ್ಣುಮಕ್ಕಳ ಭಿಶಿಯಲ್ಲಿ ಡಬ್ಬಿಯೊಳಗಿಂದ ಚೀಟಿ ತೆಗೆಯುತ್ತಾರಲ್ಲ, ಹಾಗೆಯೇ. ವ್ಯತ್ಯಾಸವೆಂದರೆ ಭಿಶಿಯಲ್ಲಿ ಇಂದಲ್ಲ ನಾಳೆ ಎಲ್ಲರ ಸರದಿಯೂ ಬರುತ್ತದೆ, ಇಲ್ಲಿ ಬರದೆಯೂ ಇರಬಹುದು. 2024ರ ಅಕ್ಟೋಬರ್ 1ರಿಂದ 31ರವರೆಗೆ ಹೆಸರು ನೋಂದಾಯಿಸಲು ಅವಕಾಶವಿತ್ತು. ಶುಲ್ಕ 25 ಆಸ್ಟ್ರೇಲಿಯಾ ಡಾಲರ್. ಆಗ ಒಂದು ಡಾಲರಿಗೆ ಸುಮಾರು 56 ರೂಪಾಯಿ ಹಿಡಿದರೆ 1,400 ರೂಪಾಯಿ. ಒಬ್ಬರಿಗೆ ಒಂದೇ ಚೀಟಿ. ಎತ್ತುವುದು ಕಂಪ್ಯೂಟರ್. ಮೊದಲ ಎರಡು ವಾರಗಳಲ್ಲೇ ಸುಮಾರು 40,000 ಜನ ಹೆಸರು ಕೊಟ್ಟರೆಂದು ಆ ದೇಶದ ಸಚಿವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಮಕ್ಕಳೇ, 40,000 ಜನ, 1,000 ಜಾಗ. ಭಾಗಿಸಿ ನೋಡಿ. 40ರಲ್ಲಿ ಒಬ್ಬರಿಗೆ. ನಿಮ್ಮ ತರಗತಿಯ ಎಲ್ಲರ ಹೆಸರು ಬರೆದು ಒಂದೇ ಚೀಟಿ ಎತ್ತಿದ ಹಾಗೆ.

ಚೀಟಿಯಲ್ಲಿ ಹೆಸರು ಬಂದರೆ ವೀಸಾ ಸಿಕ್ಕಿತೆಂದಲ್ಲ, ಅರ್ಜಿ ಹಾಕುವ ಅವಕಾಶ ಸಿಕ್ಕಿತೆಂದು ಮಾತ್ರ. ಇ-ಮೇಲ್ ಬಂದ 28 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಆ ವರ್ಷ ಅದರ ಶುಲ್ಕ 650 ಡಾಲರ್, ಅಂದರೆ ಸುಮಾರು 36,400 ರೂಪಾಯಿ. ಜೊತೆಗೆ ಹೋದ ಹೊಸದರಲ್ಲಿ ಬದುಕಲು ಸುಮಾರು 5,000 ಡಾಲರ್, ಅಂದರೆ 2,80,000 ರೂಪಾಯಿ ಕೈಯಲ್ಲಿದೆಯೆಂದು ತೋರಿಸಬೇಕು. ಇದು ಕಟ್ಟುವ ಹಣವಲ್ಲ, ತೋರಿಸುವ ಹಣ. ‘ತೋರಿಸುವುದಷ್ಟೇ ತಾನೆ, ಯಾರದಾದರೂ ತಂದು ಖಾತೆಗೆ ಹಾಕಿ ತೆಗೆದರಾಯಿತು’ ಎನ್ನುವವರಿದ್ದಾರೆ. ಸೋಮವಾರ ಬಂದು ಮಂಗಳವಾರ ಹೋಗುವ ಹಣ ಪಾಸ್‌ಬುಕ್ಕಿನಲ್ಲಿ ಎದ್ದು ಕಾಣುತ್ತದೆ. ನನ್ನಂಥ ಗುಮಾಸ್ತನ ಕಣ್ಣಿಗೇ ಬೀಳುವುದು ವೀಸಾ ಅಧಿಕಾರಿಯ ಕಣ್ಣಿಗೆ ಬೀಳದೇ? ಅದಕ್ಕಿಂತ ದೊಡ್ಡ ಮಾತೆಂದರೆ, ಪರದೇಶದಲ್ಲಿ ಕೆಲಸ ಸಿಗುವವರೆಗೆ ಹೊಟ್ಟೆ ಹೊರೆಯಬೇಕಾದದ್ದು ಅದೇ ಹಣ. ಇಲ್ಲದ್ದನ್ನು ಇದೆಯೆಂದು ತೋರಿಸಿದರೆ ಉಪವಾಸ ಬೀಳುವುದು ಅಧಿಕಾರಿಯಲ್ಲ, ನಮ್ಮ ಮಗು.

ಈಗ ಆ ಏಜೆಂಟನ ಕತೆಗೆ ಬರುತ್ತೇನೆ. ನೋಂದಣಿ ನಡೆದಿದ್ದ ದಿನಗಳಲ್ಲಿ ಯಾರೋ ಒಬ್ಬ ಫೋನು ಮಾಡಿ, “ನಿಮ್ಮ ಹುಡುಗಿಯ ಹೆಸರು ಚೀಟಿಯಲ್ಲಿ ಬರುವಂತೆ ಮಾಡುತ್ತೇವೆ, 2 ಲಕ್ಷ ಕೊಡಿ. ಬಾರದಿದ್ದರೆ ಪೂರ್ತಿ ವಾಪಸ್” ಎಂದ. ಬಬಲೇಶ್ವರದಲ್ಲಿರುವ ಹುಡುಗಿಯ ಸೋದರಮಾವನಿಗೆ ಈ ಮಾತು ಬಹಳ ಹಿಡಿಸಿತು. “ವಾಪಸ್ ಕೊಡ್ತೀನಿ ಅಂತಾನ, ಹೋಗೂದೇನೈತ್ರಿ?” ಎಂದ. ಬೇಡ ಬೇಡ ಎನ್ನುತ್ತಿದ್ದ ನನ್ನ ತಂಗಿಯೂ ಮೊಮ್ಮಗಳ ಮುಖ ನೋಡಿ ಕರಗಿ, ಬಂಗಾರದ ಪಾಟ್ಲಿ ಅಡವಿಡಲು ತೆಗೆದಿಟ್ಟಳು. ಭಾನುವಾರ ನಾನು ವಿಜಯಪುರದಿಂದ ಅಥಣಿ ರಸ್ತೆಯ ಬಸ್ಸು ಹಿಡಿದು ತಿಕೋಟಾಕ್ಕೆ ಹೋದೆ. ಅಲ್ಲಿ ಕಟ್ಟೆಯ ಮೇಲೆ ಕೂತು ಎಲ್ಲರ ಮುಂದೆ ಒಂದು ಲೆಕ್ಕ ಬರೆದೆ. ಅದನ್ನು ನಿಮಗೂ ಬರೆದು ತೋರಿಸುತ್ತೇನೆ.

ಆ ಏಜೆಂಟ್ ಹೀಗೆ 40 ಮನೆಗಳಿಗೆ ಮಾತು ಕೊಟ್ಟನೆನ್ನಿ. 40 ಮನೆ, 2 ಲಕ್ಷದಂತೆ 80 ಲಕ್ಷ ರೂಪಾಯಿ ಅವನ ಕೈಗೆ ಬಂತು. ಅವನು ಮಾಡಿದ ಕೆಲಸ? ಏನೂ ಇಲ್ಲ. ನೀವೇ ಕಟ್ಟಬಹುದಾದ 25 ಡಾಲರ್ ಕಟ್ಟಿ ಸುಮ್ಮನೆ ಕೂತ. ಕಂಪ್ಯೂಟರ್ ತನ್ನ ಪಾಡಿಗೆ ಚೀಟಿ ಎತ್ತಿತು. 40ರಲ್ಲಿ ಒಬ್ಬರ ಹೆಸರು ತಾನಾಗಿಯೇ ಬರಬಹುದು. ಬಂತು. ಆ ಮನೆಯವರು ಅವನನ್ನು ದೇವರೆಂದರು, 2 ಲಕ್ಷ ಅವನದಾಯಿತು. ಉಳಿದ 39 ಮನೆಗಳಿಗೆ ಮೂರು ತಿಂಗಳ ಮೇಲೆ ಹಣ ಮರಳಿಸಿದ. ‘ಪೂರ್ತಿ’ ಎಂದಿದ್ದ, ಆದರೆ ‘ಕಾಗದಪತ್ರದ ಖರ್ಚು’ ಎಂದು ತಲಾ 10,000 ಮುರಿದುಕೊಂಡ. 39 ಮನೆಗೆ 3,90,000. ಇನ್ನು 80 ಲಕ್ಷ ಮೂರು ತಿಂಗಳು ಅವನ ಬಳಿ ಇತ್ತಲ್ಲ, ನೂರಕ್ಕೆ ವರ್ಷಕ್ಕೆ 8ರಂತೆ ಬಡ್ಡಿ ಹಿಡಿದರೂ 1,60,000. ಒಟ್ಟು ಏಳೂವರೆ ಲಕ್ಷ! ಇದು ಅವನು ಮಾತಿಗೆ ತಪ್ಪದಿದ್ದರೆ. ತಪ್ಪಿದರೆ 80 ಲಕ್ಷವೂ ಅವನದೇ.

“ಹಂಗಾದ್ರ ಅವ ನಮ್ಮ ರೊಕ್ಕದಾಗ ನಮ್ಮ ನಸೀಬ ನಮಗ ಮಾರ್ತಾನ” ಎಂದಳು ತಂಗಿ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದ ನನಗೂ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಪಾಟ್ಲಿ ಕಪಾಟಿಗೆ ಮರಳಿತು. ಅಜ್ಜ-ಅಜ್ಜಿಯರೇ, ನೆನಪಿಡಿ: ಚೀಟಿ ಎತ್ತುವ ಕಡೆ ಯಾರ ವಶೀಲಿಯೂ ನಡೆಯುವುದಿಲ್ಲ. ಅರ್ಜಿ ತುಂಬಲು ಸಹಾಯ ಪಡೆಯುವುದು ತಪ್ಪಲ್ಲ, ಆದರೆ ಅದೃಷ್ಟಕ್ಕೆ ಬೆಲೆ ಕಟ್ಟುವವನಿಂದ ದೂರವಿರಿ. ನಿಯಮ, ಶುಲ್ಕ, ದಿನಾಂಕಗಳು ಬದಲಾಗುತ್ತಿರುತ್ತವೆ. ಅವನ್ನು ಆಸ್ಟ್ರೇಲಿಯಾ ಗೃಹ ಇಲಾಖೆಯ ಜಾಲತಾಣದಲ್ಲೇ ನೋಡಿ.

ಅಂದು ಇನ್ನೊಂದು ಲೆಕ್ಕವನ್ನೂ ಹಾಕಿದೆವು, ಹೋದ ಮೇಲಿನದು. ಈ ವೀಸಾದಲ್ಲಿ 12 ತಿಂಗಳು ಇರಬಹುದು. ಸಾಮಾನ್ಯವಾಗಿ ಒಬ್ಬ ಧಣಿಯ ಬಳಿ 6 ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ, 4 ತಿಂಗಳವರೆಗೆ ಏನಾದರೂ ಕಲಿಯಬಹುದು. ಸರಕಾರ ಪಟ್ಟಿಮಾಡಿದ ಪ್ರದೇಶಗಳಲ್ಲಿ ತೋಟದ ಕೆಲಸದಂಥ ಗೊತ್ತಾದ ಕೆಲಸವನ್ನು 3 ತಿಂಗಳು ಮಾಡಿದವರು ಎರಡನೆಯ ವರ್ಷಕ್ಕೂ ಅರ್ಜಿ ಹಾಕಬಹುದು. ಅಲ್ಲಿ ಕನಿಷ್ಠ ಕೂಲಿ 2024ರ ಜುಲೈಯಿಂದ ಗಂಟೆಗೆ 24 ಡಾಲರ್ 10 ಸೆಂಟ್ ಇತ್ತು. ಸೋದರಮಾವ ತಕ್ಷಣ 56ರಿಂದ ಗುಣಿಸಿ, “ತಾಸಿಗಿ 1,350 ರೂಪಾಯಿ!” ಎಂದು ಕಣ್ಣರಳಿಸಿದ. ಎಲ್ಲರೂ ಎಡವುವ ಕಲ್ಲು ಇದೇ. ಗಳಿಕೆಯನ್ನು ರೂಪಾಯಿಗೆ ಗುಣಿಸಿದ ಮೇಲೆ ಖರ್ಚನ್ನೂ ಗುಣಿಸಬೇಕಲ್ಲವೇ? ಅಲ್ಲಿ ಕೋಣೆಯ ಬಾಡಿಗೆ ವಾರಕ್ಕೊಮ್ಮೆ ಡಾಲರಿನಲ್ಲಿ, ಊಟ ಡಾಲರಿನಲ್ಲಿ, ಬಸ್ಸು ಡಾಲರಿನಲ್ಲಿ. ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ ನೂರಕ್ಕೆ 15ರಂತೆ ತೆರಿಗೆ. ಮಳೆ ಬಂದರೆ ತೋಟದ ಕೆಲಸವಿಲ್ಲ, ಕೂಲಿಯೂ ಇಲ್ಲ.

ಧಣಿ ಒಳ್ಳೆಯವನೇ ಇರುತ್ತಾನೆಂದೂ ಹೇಳಲಾಗದು. ಬುಟ್ಟಿಗೆ ಇಷ್ಟು ಎಂದು ಲೆಕ್ಕ ಹಾಕಿ ಕೂಲಿ ಕೊಡುವ ತೋಟಗಳಲ್ಲಿ ಹಿಂದೆ ಬಹಳ ಅನ್ಯಾಯ ನಡೆದು, 2022ರ ಏಪ್ರಿಲ್‌ನಿಂದ ಹಣ್ಣು ಕೀಳುವವರಿಗೂ ಗಂಟೆಗೆ ಕನಿಷ್ಠ ಇಷ್ಟು ಸಿಗಲೇಬೇಕೆಂಬ ನಿಯಮ ಬಂದಿದೆ. ಕೂಲಿ ಕಡಿಮೆ ಕೊಟ್ಟರೆ ದೂರು ಕೇಳಲು ‘ಫೇರ್ ವರ್ಕ್ ಓಂಬುಡ್ಸ್‌ಮನ್’ ಎಂಬ ಸರಕಾರಿ ಕಚೇರಿ ಇದೆ. ಪಾಸ್‌ಪೋರ್ಟನ್ನು ಯಾವ ಧಣಿಯ ಕೈಗೂ ಇಟ್ಟುಕೊಳ್ಳಲು ಕೊಡಬಾರದು. ಇದನ್ನು ಹುಡುಗಿಯ ಕೈಯಲ್ಲೇ ಬರೆಸಿದೆ.

ಕಡೆಯದಾಗಿ ಒಂದು ಸಾಲು ನಮ್ಮ ಕಾಗದದಲ್ಲಿ ಅಂಕಿಯಿಲ್ಲದೆ ಉಳಿಯಿತು. ಮಿಲ್ಡುರಾದಲ್ಲಿ ದ್ರಾಕ್ಷಿ ಸುಗ್ಗಿ ಬೇಸಿಗೆಯ ಕೊನೆಗೆ. ಭೂಮಿಯ ಆ ಅರ್ಧಗೋಳದಲ್ಲಿ ಋತುಗಳು ತಿರುವುಮುರುವು, ಹಾಗಾಗಿ ಅವರ ಬೇಸಿಗೆಯ ಕೊನೆ ಎಂದರೆ ಫೆಬ್ರವರಿ, ಮಾರ್ಚ್. ತಿಕೋಟಾದ ಸುಗ್ಗಿಯೂ ಆಗಲೇ! ಅಲ್ಲಿ ಗೊಂಚಲು ಕೀಳಲು ಹೋದರೆ ಇಲ್ಲಿ ಆಯಿಯ ಶೆಡ್ಡಿನಲ್ಲಿ ಒಂದು ಕೈ ಕಡಿಮೆ. ಇದಕ್ಕೆ ಎಷ್ಟು ರೂಪಾಯಿ ಬರೆಯಬೇಕೆಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಂಗಿಯೇ, “ಅದನ್ನ ನನ್ನ ಲೆಕ್ಕಕ್ಕ ಬರಿ, ಅಣ್ಣಾ. ಕಲೀಲಿ” ಎಂದಳು.

ಹುಡುಗಿ ತಾನೇ ಕಂಪ್ಯೂಟರಿನ ಮುಂದೆ ಕೂತು ಹೆಸರು ನೋಂದಾಯಿಸಿದಳು. ಆ ವರ್ಷದ ಚೀಟಿಯಲ್ಲಿ ಹೆಸರು ಬರಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ತಂಗಿ ಹೇಳಿದಳು. ಮೂರನೆಯ ದಿನ ಶೆಡ್ಡಿಗೆ ಬಂದು ನೀರು, ಆಳು, ಹಣ್ಣು, ಮಣೂಕಗಳ ದಿನದಿನದ ಲೆಕ್ಕಕ್ಕೆ ಒಂದು ವಹಿ ತೆರೆದಳು. ಹೋದದ್ದು 1,400 ರೂಪಾಯಿ. ಪಾಸ್‌ಪೋರ್ಟ್ ಇದೆ, ಹೆಸರುಗಳು ಸರಿಯಾಗಿವೆ, ಖಾತೆಯಲ್ಲಿ ತಿಂಗಳು ತಿಂಗಳು ಅವಳದೇ ಗಳಿಕೆ ಕೂಡುತ್ತಿದೆ. 31 ತುಂಬಲು ಇನ್ನೂ ವರ್ಷಗಳಿವೆ. ಬ್ರಿಟನ್ನಿನ ಬಾಗಿಲೂ ಒಂದಿದೆ: 2023ರಿಂದ ಅಲ್ಲಿ 18ರಿಂದ 30 ವಯಸ್ಸಿನ ಭಾರತೀಯ ಪದವೀಧರರಿಗೆ ವರ್ಷಕ್ಕೆ 3,000 ಜಾಗಗಳು, ಎರಡು ವರ್ಷದ ವಾಸ. ಚೀಟಿಗೆ ಹೆಸರು ಕೊಡಲು ಹಣವಿಲ್ಲ. ಆದರೆ ಅವಳ ಮನಸ್ಸು ಮಿಲ್ಡುರಾದಲ್ಲೇ ಇದೆ. “ಬಂಗಾರ ಮನ್ಯಾಗೈತಿ, ಹುಡುಗಿ ಮನ್ಯಾಗದಾಳ, ಮನಸ ಮಾತ್ರ ಅಲ್ಲೇ ದ್ರಾಕ್ಷಿ ಹರಿಯಾಕ ಹೋಗೈತಿ” ಎಂದು ತಂಗಿ ನಗುತ್ತಾಳೆ.

ರಜೆ, ದುಡಿಮೆ ಎರಡನ್ನೂ ಒಂದೇ ಗಾಡಿಗೆ ಹೂಡಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹೂಡಬಹುದು, ಗಾಡಿ ನಮ್ಮದೇ ಆಗಿದ್ದರೆ. ಸಾಲದ ಗಾಡಿಗೆ ಹೂಡಿದರೆ ರಜೆ ಮೊದಲು ಸಾಯುತ್ತದೆ, ದುಡಿಮೆಯಷ್ಟೇ ಉಳಿಯುತ್ತದೆ. ಅಡವಿಟ್ಟು ಹೋದವನು ಮಳೆಯ ದಿನವೂ ಬಡ್ಡಿಯನ್ನೇ ಎಣಿಸುತ್ತಾನೆ. ತನ್ನ ಗಳಿಕೆಯಲ್ಲಿ ಹೋದವಳು ನದಿ ನೋಡಿಕೊಂಡು ಬರುತ್ತಾಳೆ.

ಮಕ್ಕಳೇ, ಈ ವಾರದ ಲೆಕ್ಕ ಇದು. ಒಬ್ಬಳು ವಾರಕ್ಕೆ 38 ಗಂಟೆ, ಗಂಟೆಗೆ 24 ಡಾಲರ್ 10 ಸೆಂಟಿನಂತೆ ದುಡಿಯುತ್ತಾಳೆ. ನೂರಕ್ಕೆ 15ರಂತೆ ತೆರಿಗೆ ಹೋಗುತ್ತದೆ. ಬಾಡಿಗೆ, ಊಟ, ಓಡಾಟ ಸೇರಿ ವಾರಕ್ಕೆ 500 ಡಾಲರ್ ಖರ್ಚು ಎಂದಿಟ್ಟುಕೊಳ್ಳಿ. ವಾರದ ಕೊನೆಗೆ ಉಳಿದದ್ದೆಷ್ಟು? ಮಳೆಯಿಂದಾಗಿ 19 ಗಂಟೆ ಮಾತ್ರ ಕೆಲಸ ಸಿಕ್ಕರೆ ಉಳಿಯುತ್ತದೆಯೋ, ಕೈಯಿಂದ ಹೋಗುತ್ತದೆಯೋ? ಅಜ್ಜ-ಅಜ್ಜಿಯರು ಬಾಯಿಲೆಕ್ಕ ಮಾಡಲಿ, ನೀವು ಕಾಗದದ ಮೇಲೆ ಮಾಡಿ. ಯಾರು ಮೊದಲು ಮುಗಿಸುತ್ತಾರೆ ನೋಡೋಣ. ಉತ್ತರ ಮುಂದಿನ ವಾರ.